ಕಚ್ಚಿದ ರೊಟ್ಟಿ

ನಮ್ಮ ವೃದ್ಧಾಶ್ರಮದಲ್ಲಿ ಇಸ್ಲಾಂ ಎಂದರೆ ಮಿಮೂಂತ್. ಯಾರಿಗೆ ಏನು ಅನುಮಾನ ಬಂದರೂ ನೆಲಮಾಳಿಗೆಯ ಲಾಂಡ್ರಿಗೆ ಇಳಿದು ಅವಳನ್ನೇ ಕೇಳುತ್ತಿದ್ದರು. ಮೇಲಿನ ಮಹಡಿಯ ಟರ್ಕಿ ಮುದುಕನಿಗೆ ಈ ಸಾರು ಕೊಡಬಹುದೇ, ಈ ಸಲ ಹಬ್ಬ ಯಾವತ್ತು, ನಿಮ್ಮಲ್ಲಿ ನಾಯಿ ಸಾಕುವುದಿಲ್ಲವೇ, ಎಲ್ಲದಕ್ಕೂ ಮಿಮೂಂತ್ ಉತ್ತರ ಕೊಡುವಳು. ಗೊತ್ತಿದ್ದರೂ ಕೊಡುವಳು, ಗೊತ್ತಿಲ್ಲದಿದ್ದರೂ ಕೊಡುವಳು. ನಾನು ಅದೇ ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ನಾನೂ ತಲೆಗೆ ವಸ್ತ್ರ ಕಟ್ಟುವವಳೇ, ಆದರೂ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನದು ಸಿಡುಕು ಮೋರೆ, ಅದಕ್ಕೇ ಕೇಳುವುದಿಲ್ಲ ಎಂದು ಮಿಮೂಂತ್ ಹೇಳುತ್ತಾಳೆ. ಇರಬಹುದು.

ನಾವಿಬ್ಬರೂ ಮೊರೊಕ್ಕೊದ ನಾದೋರ್ ಕಡೆಯವರು. ಮದುವೆಯಾಗಿ ರೋಟರ್‌ಡ್ಯಾಮಿಗೆ ಬಂದು, ಇಲ್ಲೇ ಮಕ್ಕಳನ್ನು ಹೆತ್ತು, ಇಲ್ಲಿಯ ಚಳಿಗೆ ಮಂಡಿ ಹಿಡಿಸಿಕೊಂಡವರು. ಒಂದೇ ಕಟ್ಟಡದಲ್ಲಿ ಮನೆ, ಒಂದೇ ಟ್ರಾಮಿನಲ್ಲಿ ಕೆಲಸಕ್ಕೆ ಹೋಗುವುದು. ಹಾಗಾಗಿ ಅವಳ ಗುಟ್ಟು ನನಗೂ ನನ್ನ ಗುಟ್ಟು ಅವಳಿಗೂ ಗೊತ್ತು. ಅವಳಿಗೆ ಮನೆಯಲ್ಲಿ ದೊಡ್ಡ ಮಾತಾಡುವ ಅವಕಾಶವಿಲ್ಲ. ಗಂಡ ಬೆನ್ನುನೋವೆಂದು ಮಲಗಿದಲ್ಲಿಂದಲೇ ಆಳುತ್ತಾನೆ, ಇಬ್ಬರು ಗಂಡುಮಕ್ಕಳು ಅವಳ ಡಚ್ ಕೇಳಿ ನಗುತ್ತಾರೆ. ಲಾಂಡ್ರಿಯಲ್ಲಿ ಮಾತ್ರ ಅವಳು ಬಾಯಿ ತೆರೆದರೆ ನಾಲ್ಕು ಜನ ನಿಂತು ಕೇಳುತ್ತಿದ್ದರು. ಅವಳಿಗೆ ಆ ಮರ್ಯಾದೆಯ ರುಚಿ ಹತ್ತಿತ್ತು.

ಆ ವರ್ಷ ರಂಜಾನ್ ಜೂನ್ ತಿಂಗಳಿಗೆ ಬಂತು. ಜೂನ್ ಎಂದರೆ ಇಲ್ಲಿ ಸೂರ್ಯ ಮುಳುಗುವುದನ್ನೇ ಮರೆತಿರುತ್ತಾನೆ. ಲಾಂಡ್ರಿಯ ಮೇಲ್ವಿಚಾರಕಿ ಮರೈಕೆ ಒಳ್ಳೆಯ ಹೆಂಗಸು, ನಿವೃತ್ತಿಗೆ ಹತ್ತಿರ ಬಂದವಳು. ಮೊದಲ ದಿನವೇ ಮಿಮೂಂತ್‌ಳನ್ನು ಒದ್ದೆ ಚಾದರದ ಕೆಲಸದಿಂದ ಬಿಡಿಸಿ, ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿದಳು. ಅಲ್ಲಿ ಟವೆಲು ಮಡಿಸುವುದಷ್ಟೇ, ಗಾಳಿಯೂ ಬರುತ್ತದೆ. ಒದ್ದೆ ಚಾದರವೆಂದರೆ ತಮಾಷೆಯಲ್ಲ. ಯಂತ್ರದ ಹೊಟ್ಟೆಯಿಂದ ಒಂದಕ್ಕೊಂದು ಹೆಣೆದುಕೊಂಡು ಬರುವುದನ್ನು ಎಳೆದು, ಬಿಡಿಸಿ, ಎತ್ತಿ, ಒಣಗಿಸುವ ಯಂತ್ರಕ್ಕೆ ತುಂಬಬೇಕು. ಎರಡು ಸಲ ಎತ್ತುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ.

ಆ ಕೆಲಸಕ್ಕೆ ಉಳಿದವಳು ಲುಬ್ನಾ. ಹೊಸದಾಗಿ ಸೇರಿದ ಹುಡುಗಿ, ಇನ್ನೂ ಕಾಯಂ ಆಗಿರಲಿಲ್ಲ. ಅವಳೂ ನಮ್ಮ ಕಡೆಯವಳೇ, ಆದರೆ ಇಲ್ಲೇ ಹುಟ್ಟಿದವಳು. ತಲೆಗೆ ಏನೂ ಕಟ್ಟುವುದಿಲ್ಲ, ಉಗುರಿಗೆ ಕೆಂಪು ಬಣ್ಣ, ಕಾಫಿ ಹೊತ್ತಿನಲ್ಲಿ ಸಿಗರೇಟು ಸೇದುವವರ ಜೊತೆ ಸೈಕಲ್ ನಿಲ್ಲಿಸುವ ಕಡೆ ಹೋಗಿ ನಿಲ್ಲುತ್ತಿದ್ದಳು. ಮರೈಕೆ ಕೆಲಸ ಹಂಚುವಾಗ ಮಿಮೂಂತ್‌ಳನ್ನು ಕೇಳಿದ್ದು ನನಗೆ ಗೊತ್ತು, ಏಕೆಂದರೆ ಆ ಸಂಜೆ ಟ್ರಾಮಿನಲ್ಲಿ ಮಿಮೂಂತ್‌ಳೇ ಹೆಮ್ಮೆಯಿಂದ ಹೇಳಿದಳು.

“ಲುಬ್ನಾನೂ ನಿಮ್ಮೋಳೇ ಅಲ್ವಾ, ಅವಳೂ ಉಪವಾಸನಾ ಅಂದ್ಳು. ಅಯ್ಯೋ, ಅವಳಿಗೆಲ್ಲಿ ಬರತ್ತೆ ಮರೈಕೆ ಅದೆಲ್ಲ, ಅಂದೆ.”

“ನೀನು ಅವಳನ್ನ ಕೇಳಿದ್ಯಾ?” ಎಂದೆ ನಾನು.

“ಕೇಳೋದೇನು ಯಾಮ್ನಾ? ಉಗುರು ನೋಡಿದ್ಯಾ? ಬಣ್ಣ ಹಚ್ಚಿದ್ರೆ ವುಜು ಆಗಲ್ಲ. ವುಜು ಇಲ್ದೆ ನಮಾಜಿಲ್ಲ. ನಮಾಜಿಲ್ದೋಳಿಗೆ ರೋಜಾ ಎಲ್ಲಿಂದ ಬರತ್ತೆ?”

ಕೈಕಾಲು ಮುಖ ತೊಳೆಯುವ ನೀರು ಉಗುರಿನ ಬಣ್ಣದ ಕೆಳಗೆ ಇಳಿಯುವುದಿಲ್ಲ ಎನ್ನುವುದು ನಮ್ಮ ಹೆಂಗಸರ ದೊಡ್ಡ ಚರ್ಚೆ. ಆ ಚರ್ಚೆಯಿಂದಲೇ ಅವಳು ಒಬ್ಬ ಹುಡುಗಿಯ ಇಡೀ ದೀನನ್ನು, ಧರ್ಮನಿಷ್ಠೆಯನ್ನೇ ಅಳೆದುಬಿಟ್ಟಿದ್ದಳು.  ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ರಂಜಾನಿನ ನಡುವೆ ಮಿಮೂಂತ್‌ಗೆ ಮುಟ್ಟಾಯಿತು. ಮುಟ್ಟಾದ ಹೆಂಗಸು ರೋಜಾ ಇಡುವಂತಿಲ್ಲ, ತಪ್ಪಿದ ದಿನಗಳನ್ನು ಆಮೇಲೆ ತೀರಿಸಬೇಕು. ನಾವು ನಮ್ಮ ನಮ್ಮಲ್ಲೇ ಅದಕ್ಕೆ ‘ರಜೆ’ ಎನ್ನುತ್ತೇವೆ. ಈ ನಿಯಮ ಹೆಂಗಸರಿಗೂ ಗೊತ್ತು, ಗಂಡಸರಿಗೂ ಗೊತ್ತು. ಆದರೂ ಗಂಡಸರ ಎದುರು ಒಂದು ಗುಟುಕು ನೀರು ಕುಡಿದವಳು ಮಾನಗೆಟ್ಟವಳು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಾಳೆಹಣ್ಣು ತಿಂದವರು ನಾವು. ನಸುಕಿನಲ್ಲಿ ಎಲ್ಲರ ಜೊತೆ ಎದ್ದು ಸಹರಿ ಊಟ ಮಾಡಿ, ಸಂಜೆ ಎಲ್ಲರ ಜೊತೆ ಖರ್ಜೂರ ಕೈಯಲ್ಲಿ ಹಿಡಿದು ಬಾಂಗಿಗೆ ಕಾಯುತ್ತೇವೆ. ಹೆತ್ತ ಮಗನ ಎದುರೂ ಈ ನಾಟಕವೇ. ನನ್ನ ಅಜ್ಜಿಯೂ ಆಡಿದ್ದಳಂತೆ.

ಮನೆಯ ನಾಟಕ ಮನೆಗಾಯಿತು. ಕೆಲಸದಲ್ಲಿ ಅವಳು ಮರೈಕೆಗೆ ಒಂದು ಮಾತು ಹೇಳಬಹುದಿತ್ತು: ಈ ವಾರ ನಾನು ಉಪವಾಸ ಇಲ್ಲ, ಚಾದರ ನಾನು ಎತ್ತುತ್ತೇನೆ. ಹೇಳಲಿಲ್ಲ. ಯಂತ್ರ ರಿಪೇರಿ ಮಾಡುವ ಗೆರಿಟ್ ಯಾವಾಗಲೂ ಅಲ್ಲೇ ಸುಳಿದಾಡುತ್ತಿದ್ದ, ಅವನ ಎದುರು ಹೇಗೆ ಹೇಳುವುದು ಎಂಬುದು ಒಂದು ಕಾರಣ. ಆ ಗೆರಿಟ್ ತನ್ನ ಬುತ್ತಿಯ ಡಬ್ಬಿಯನ್ನು ಮಿಮೂಂತ್ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ಹಿಡಿದುಕೊಂಡು ಹೋಗುತ್ತಿದ್ದ, ಮರೈಕೆ ಕಾಫಿ ಪಾತ್ರೆಯನ್ನೇ ದೂರ ಇಟ್ಟಿದ್ದಳು. ಅಷ್ಟು ಗೌರವಿಸುವ ಜನರ ಮುಂದೆ ನಾನು ತಿನ್ನುತ್ತಿದ್ದೇನೆ ಎನ್ನುವುದು ಹೇಗೆ ಎಂಬುದು ಇನ್ನೊಂದು. ಕಿಟಕಿಯ ಪಕ್ಕದ ಕುರ್ಚಿ ಹಿತವಾಗಿತ್ತು ಎಂಬುದು ಮೂರನೆಯದು. ಅದನ್ನು ಅವಳು ನನಗೆ ಬಹಳ ತಡವಾಗಿ ಹೇಳಿದಳು.

ಹಾಗಾಗಿ ದಿನವೂ ಮಧ್ಯಾಹ್ನ ಟವೆಲು ಜೋಡಿಸುವ ನೆಪದಲ್ಲಿ ಉಗ್ರಾಣಕ್ಕೆ ಹೋಗಿ, ಕಪಾಟುಗಳ ಹಿಂದೆ ನಿಂತು, ಮನೆಯಿಂದ ತಂದ ದಪ್ಪ ರೊಟ್ಟಿಯನ್ನು ನುಂಗಿ ಬರುತ್ತಿದ್ದಳು.

ಅವತ್ತು ಸೆಕೆ ಎಂದರೆ ಸೆಕೆ. ಒಣಗಿಸುವ ಯಂತ್ರಗಳೆಲ್ಲ ಓಡುತ್ತಿದ್ದವು. ಊಟದ ಹೊತ್ತು ಮುಗಿದು ನಾನು ಪಾತ್ರೆ ಒರೆಸುತ್ತಿದ್ದಾಗ ಕೆಳಗಿನಿಂದ ಮರೈಕೆಯ ಕೂಗು ಕೇಳಿತು: “ಯಾರಾದ್ರೂ ಸಕ್ಕರೆ ನೀರು ತನ್ನಿ! ಹುಡುಗಿ ಬಿದ್ಲು!”

ನಾನು ಲೋಟ ಹಿಡಿದು ಓಡಿದೆ. ಲುಬ್ನಾ ಒದ್ದೆ ಚಾದರದ ರಾಶಿಯ ಮೇಲೆ ಬಿದ್ದಿದ್ದಳು, ಮುಖ ಆ ಚಾದರದಷ್ಟೇ ಬಿಳಿ. ಮರೈಕೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು, ಗೆರಿಟ್ ರಟ್ಟಿನಿಂದ ಗಾಳಿ ಬೀಸುತ್ತಿದ್ದ. ಅದೇ ಕ್ಷಣ ಉಗ್ರಾಣದ ಬಾಗಿಲು ದಡಾರನೆ ತೆರೆಯಿತು. ಗದ್ದಲ ಕೇಳಿ ಗಾಬರಿಯಿಂದ ಓಡಿಬಂದ ಮಿಮೂಂತ್ ಬಾಗಿಲಲ್ಲಿ ನಿಂತಳು. ಕೈಯಲ್ಲಿ ರೊಟ್ಟಿ.

ಅವಳಿಗೆ ಕೈಯಲ್ಲಿ ರೊಟ್ಟಿ ಇದೆ ಎಂಬುದು ಎಲ್ಲರ ಕಣ್ಣು ಅದರ ಮೇಲೆ ಬಿದ್ದಾಗಲೇ ಗೊತ್ತಾದದ್ದು. ಬಾಯಿ ಮುಚ್ಚಿತ್ತು, ಕೆನ್ನೆಯೊಳಗೆ ತುತ್ತು ಇತ್ತು. ನನಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು, ಅವಳ ಪರವಾಗಿ.

ಆದರೆ ಮರೈಕೆಗೆ ಅರ್ಥವಾದದ್ದೇ ಬೇರೆ.

“ರೊಟ್ಟಿ ತಂದ್ಯಾ! ಎಂಥ ಒಳ್ಳೆ ಬುದ್ಧಿ ನಿಂದು ಮಿಮೂಂತ್. ಬಾ ಬಾ, ತಿನ್ನಿಸು ಇವಳಿಗೆ.”

ಮಿಮೂಂತ್ ತುತ್ತನ್ನು ಹಾಗೇ ನುಂಗಿದಳು. ಗಂಟಲಲ್ಲಿ ಇಳಿದದ್ದು ನನಗೆ ಕಾಣಿಸಿತು. ಕಚ್ಚಿದ ಅಂಚನ್ನು ಅಂಗೈಯೊಳಗೆ ಮುಚ್ಚಿಕೊಂಡು ಬಂದು ಮಂಡಿಯೂರಿ ಕುಳಿತಳು. ರೊಟ್ಟಿಯನ್ನು ಲುಬ್ನಾಳ ಬಾಯಿಯ ಹತ್ತಿರ ಹಿಡಿದಳು. ಹುಡುಗಿ ಕಣ್ಣು ಬಿಟ್ಟು, ತುಟಿ ಬಿಗಿದು, ಮುಖ ತಿರುಗಿಸಿದಳು. ನಮ್ಮ ರಿಫ್ ಭಾಷೆಯಲ್ಲಿ, ನಮಗಿಬ್ಬರಿಗೆ ಮಾತ್ರ ತಿಳಿಯುವಂತೆ ಮೆಲ್ಲಗೆ ಹೇಳಿದಳು.

“ಬೇಡ ಅಕ್ಕಾ. ರೋಜಾ ಇದೀನಿ.”

ಮಿಮೂಂತ್‌ಳ ಕೈ ಅಲ್ಲೇ ನಿಂತಿತು.

“ಏನಂತಾಳೆ?” ಎಂದಳು ಮರೈಕೆ.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಿದ್ದರೆ, ಇವಳು ಉಪವಾಸ ಇಲ್ಲವೆಂದು ಅಂದು ಹೇಳಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಆಮೇಲೆ ಆ ರೊಟ್ಟಿ ಯಾರದು ಎಂಬ ಪ್ರಶ್ನೆ.

“ಹಸಿವಿಲ್ವಂತೆ,” ಎಂದಳು ಮಿಮೂಂತ್.

“ಹಸಿವಿಲ್ವಾ? ಮುಖ ನೋಡಿದ್ರೇ ಗೊತ್ತಾಗತ್ತೆ, ಬೆಳಗಿಂದ ಏನೂ ತಿಂದಿಲ್ಲ ಇವಳು. ಈಗ ತಿನ್ನದಿದ್ರೆ ಆಂಬುಲೆನ್ಸ್ ಕರೀತೀನಿ, ಅಷ್ಟೇ.”

“ತಿನ್ನು,” ಎಂದಳು ಮಿಮೂಂತ್ ನಮ್ಮ ಭಾಷೆಯಲ್ಲಿ. “ಹುಷಾರಿಲ್ಲದಾಗ ಮುರೀಬಹುದು. ತಿನ್ನು ಮಗಳೇ.”

ಮಾತು ಸುಳ್ಳಲ್ಲ. ಕಾಯಿಲೆಯಾದವರು ರೋಜಾ ಮುರಿಯಬಹುದು, ಇನ್ನೊಂದು ದಿನ ತೀರಿಸಬಹುದು. ಆದರೆ ಆ ಮಾತನ್ನು ಅವಳು ಹೇಳಿದ್ದು ಹುಡುಗಿಯ ಜೀವಕ್ಕಲ್ಲ, ತನ್ನ ಮಾನಕ್ಕೆ. ಲುಬ್ನಾ ಬಾಯಿ ತೆರೆದಳು. ತಿನ್ನುವಾಗ ಅವಳ ದೃಷ್ಟಿ ಮಿಮೂಂತ್‌ಳ ಅಂಗೈಯೊಳಗೆ ಇಣುಕುತ್ತಿದ್ದ ಹಲ್ಲಿನ ಗುರುತಿನ ಮೇಲೆ ನಿಂತದ್ದನ್ನು ನಾನು ಕಂಡೆ. ನನ್ನ ಕೈಯಲ್ಲಿ ಸಕ್ಕರೆ ನೀರಿತ್ತು. ನಾನೂ ಬಾಯಿ ಬಿಡದೆ ಕುಡಿಸಿದೆ.

“ನೋಡಿದ್ರಾ,” ಎಂದ ಗೆರಿಟ್, ನಿಜವಾದ ಮೆಚ್ಚುಗೆಯಿಂದ. “ತಾನು ಹೊಟ್ಟೆಗಿಲ್ದೆ ಇದ್ದು ಇನ್ನೊಬ್ಬರಿಗೆ ತಿನ್ನಿಸೋದು ಅಂದ್ರೆ! ನಾನಾಗಿದ್ರೆ ತರೋ ದಾರೀಲೇ ಅರ್ಧ ಖಾಲಿ ಮಾಡಿರ್ತಿದ್ದೆ.”

ಮರೈಕೆ ಲುಬ್ನಾಳನ್ನು ಮನೆಗೆ ಕಳಿಸಿದಳು. ಸಂಜೆಯಾಗುವಷ್ಟರಲ್ಲಿ ಸುದ್ದಿ ಎಲ್ಲ ಮಹಡಿಗೂ ಹರಡಿತ್ತು. ಒಬ್ಬ ನರ್ಸು ಇಳಿದು ಬಂದು ಮಿಮೂಂತ್‌ಳ ಭುಜ ಒತ್ತಿದಳು. ಮುದುಕಿಯೊಬ್ಬಳು ತನ್ನ ಕಿಟಕಿಯ ಹೂಕುಂಡವನ್ನೇ ಕಳಿಸಿಕೊಟ್ಟಳು. ಮನೆಗೆ ಹೊರಡುವಾಗ ಮರೈಕೆ ನಮ್ಮಿಬ್ಬರನ್ನೂ ನಿಲ್ಲಿಸಿದಳು.

“ಶುಕ್ರವಾರ ಅವಳನ್ನ ಕಾಯಂ ಮಾಡೋ ವಿಷಯ ತೀರ್ಮಾನ ಆಗ್ಬೇಕು. ನಂಗಂತೂ ನಂಬಿಕೆ ಇಲ್ಲ. ರಾತ್ರಿ ಎಲ್ಲೆಲ್ಲಿ ಕುಣೀತಾಳೋ, ನಿದ್ದೆ ಇಲ್ಲ, ತಿಂಡಿ ಇಲ್ಲ, ಹಾಗೇ ಬಂದು ಬೀಳ್ತಾಳೆ. ನಾಳೆ ಯಂತ್ರಕ್ಕೆ ಕೈ ಕೊಟ್ರೆ ಯಾರು ಹೊಣೆ? ನೀನೇನಂತೀಯ ಮಿಮೂಂತ್?”

ಮಿಮೂಂತ್ ಹೂಕುಂಡ ಹಿಡಿದುಕೊಂಡು ನಿಂತಿದ್ದಳು. ಟ್ರಾಮಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟಳು.

ಟ್ರಾಮಿನಲ್ಲಿ ನಾನು ಬಿಡಲಿಲ್ಲ. ಸಿಟ್ಟು ಬಂದರೆ ನಾನು ಜನ ಇದ್ದಾರೆಂದು ನೋಡುವವಳಲ್ಲ.

“ಹೂಕುಂಡ ಬೇರೆ ಇಸ್ಕೊಂಡ್ಯಲ್ಲೇ. ನಾಚಿಕೆ ಅನ್ನೋದು ಇದ್ಯಾ ನಿಂಗೆ?”

“ಇದೆ. ಅದೇ ನಾಚಿಕೇನೇ ಯಾಮ್ನಾ ಇಷ್ಟೆಲ್ಲ ಮಾಡಿಸಿದ್ದು,” ಎಂದಳು. ಆಮೇಲೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳು ಅತ್ತದ್ದನ್ನು ನಾನು ನೋಡದವಳಂತೆ ಕುಳಿತೆ.

ಎರಡು ದಿನ ಬಿಟ್ಟು ಲುಬ್ನಾ ಕೆಲಸಕ್ಕೆ ಬಂದಳು. ಕಾಫಿ ಹೊತ್ತಿನಲ್ಲಿ ನಾನೇ ಮಿಮೂಂತ್‌ಳ ಕೈ ಹಿಡಿದು ಸೈಕಲ್ ನಿಲ್ಲಿಸುವ ಕಡೆ ಎಳೆದುಕೊಂಡು ಹೋದೆ. ಹುಡುಗಿ ಸಿಗರೇಟು ಸೇದುವವರಿಂದ ಸ್ವಲ್ಪ ದೂರ, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಇಷ್ಟು ದಿನ ಹತ್ತಿರ ಹೋಗಿ ನೋಡಿದವರು ನಮ್ಮಲ್ಲಿ ಯಾರಿದ್ದರು?

“ನನ್ನ ಕ್ಷಮಿಸು,” ಎಂದಳು ಮಿಮೂಂತ್. “ಆ ರೊಟ್ಟಿ…”

“ರೊಟ್ಟಿ ವಿಷಯ ಬಿಡಿ ಅಕ್ಕಾ. ಕಚ್ಚಿದ್ದು ನೋಡ್ದೆ. ರಜೆ ಅಂತ ಅರ್ಥ ಆಯ್ತು, ನಾನೂ ಹೆಂಗಸೇ ತಾನೆ. ನಂದೊಂದೇ ಪ್ರಶ್ನೆ. ನಾನು ರೋಜಾ ಇರಲ್ಲ ಅಂತ ಮರೈಕೆಗೆ ಯಾರು ಹೇಳಿದ್ದು?”

ಮಿಮೂಂತ್‌ಳ ಕಣ್ಣು ತಾನಾಗಿಯೇ ಹುಡುಗಿಯ ಕೈಬೆರಳುಗಳಿಗೆ ಹೋಯಿತು. ಲುಬ್ನಾ ಅದನ್ನು ಗಮನಿಸಿದಳು.

“ಉಗುರು ನೋಡಿನಾ?” ಎಂದು ನಕ್ಕಳು. ಆ ನಗು ಕೇಳಲು ಚೆನ್ನಾಗಿರಲಿಲ್ಲ. “ಇಲ್ಲಿಯೋರು ನಿಮ್ಮ ತಲೆ ನೋಡಿ ಎಲ್ಲಾ ತಿಳ್ಕೋತಾರೆ, ನೀವು ನನ್ನ ಉಗುರು ನೋಡಿ. ಚೆನ್ನಾಗಿದೆ.”

“ನೀನೇ ಹೇಳ್ಬಹುದಿತ್ತಲ್ಲ ಹುಡುಗಿ,” ಎಂದೆ ನಾನು. ಮಿಮೂಂತ್ ನಿಂತಿದ್ದ ರೀತಿ ನೋಡಲಾಗಲಿಲ್ಲ.

“ಹಿಂದಿನ ಕೆಲಸದಲ್ಲಿ ಹೇಳಿದ್ದೆ ಯಾಮ್ನಕ್ಕಾ. ಅವತ್ತಿಂದ ನಾನು ಲುಬ್ನಾ ಆಗಿರ್ಲಿಲ್ಲ. ಎಲ್ಲೋ ಯಾರೋ ಬಾಂಬ್ ಇಟ್ರೆ ನನ್ನ ಮೇಜಿನ ಹತ್ರ ಬಂದು ನಿಲ್ಲೋರು. ಎಲ್ಲೋ ಯಾರೋ ಹೆಂಡ್ತೀನ ಹೊಡೆದ್ರೆ ನನ್ನ ಕೇಳೋರು. ಇಲ್ಲಾದ್ರೂ ಬರೀ ಚಾದರ ಎತ್ತೋಳಾಗಿರೋಣ ಅಂತ ಬಂದೆ.”

“ನಾನು ಮರೈಕೆಗೆ ಎಲ್ಲಾ ಹೇಳ್ಬಿಡ್ತೀನಿ,” ಎಂದಳು ಮಿಮೂಂತ್.

“ನಿಮ್ಮದನ್ನ ಹೇಳ್ಕೊಳ್ಳಿ. ನನ್ನದನ್ನ ಎಳೀಬೇಡಿ.”

“ನಿಂದು ಹೇಳ್ದೆ ಇದ್ರೆ ಕೆಲಸ ಹೋಗತ್ತೆ ಮಗಳೇ.”

ಲುಬ್ನಾ ಗೋಡೆ ಬಿಟ್ಟು ನೇರ ನಿಂತಳು. ಅವಳ ತಾಯಿಗೆ ಡಯಾಲಿಸಿಸ್, ಮನೆ ನಡೆಯುವುದು ಇವಳಿಂದಲೇ ಎಂದು ನಮಗೆ ಆಮೇಲೆ ಗೊತ್ತಾಯಿತು. “ಹೋದ್ರೆ ಹೋಗ್ಲಿ,” ಎಂದು ಒಳಗೆ ಹೋದಳು. ಹೋಗಲಿ ಎನ್ನುವವರು ಹಾಗೆ ತುಟಿ ಕಚ್ಚಿಕೊಂಡು ಹೋಗುವುದಿಲ್ಲ.

ಶುಕ್ರವಾರ ಕಾಫಿಗೆ ಎಲ್ಲರೂ ಸೇರಿದ್ದರು. ಮರೈಕೆ, ಗೆರಿಟ್, ನಾಲ್ಕೈದು ಜನ ಬೇರೆ ಕೆಲಸದವರು. ಲುಬ್ನಾಳನ್ನೂ ಮರೈಕೆಯೇ ಕರೆಸಿದ್ದಳು, ಮಾತಾಡುವುದಿದೆ ಎಂದು. ಮಿಮೂಂತ್ ಎದ್ದು ನಿಂತಳು. ಹಿಂದಿನ ರಾತ್ರಿ ಆ ಡಚ್ ಶಬ್ದವನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡು ಕಲಿತಿದ್ದಳು. ಇಷ್ಟು ವರ್ಷ ಈ ದೇಶದಲ್ಲಿದ್ದು, ಎರಡು ಹೆರಿಗೆಯಾಗಿ, ಡಾಕ್ಟರ ಎದುರೂ ಆ ಶಬ್ದ ಬಳಸದೆ ‘ಅದು’ ಎಂದು ದಾಟಿಸಿದವಳು ಅವಳು.

“ನಂಗೆ ಮುಟ್ಟಾಗಿದೆ,” ಎಂದಳು.

 ಗೆರಿಟ್ ತನ್ನ ಬಟ್ಟಲಿನೊಳಗೆ ನೋಡತೊಡಗಿದ. ಅವಳ ಕಿವಿಯಿಂದ ಕತ್ತಿನವರೆಗೆ ಕೆಂಪೇರಿದ್ದು ತಲೆವಸ್ತ್ರದ ಅಂಚಿನಲ್ಲೂ ಕಾಣುತ್ತಿತ್ತು.

“ಮುಟ್ಟಾದಾಗ ನಾವು ಉಪವಾಸ ಇರಲ್ಲ. ಈ ವಾರ ಪೂರ್ತಿ ನಾನು ಉಗ್ರಾಣದಲ್ಲಿ ತಿಂತಿದ್ದೆ. ನಿಮಗೆ ಹೇಳ್ಲಿಲ್ಲ, ಕುರ್ಚಿ ಬಿಡ್ಲಿಲ್ಲ. ಲುಬ್ನಾ ಮೊದಲ ದಿನದಿಂದ ಉಪವಾಸ ಇದಾಳೆ. ಉಪವಾಸ ಇದ್ದೇ ನನ್ನ ಪಾಲಿನ ಚಾದರಾನೂ ಎತ್ತಿದಾಳೆ. ಅವಳು ಇರಲ್ಲ ಅಂತ ನಾನು ಹೇಳಿದ್ದು, ಅವಳನ್ನ ಕೇಳ್ದೇನೇ ಹೇಳಿದ್ದು.”

“ಹಾಗಾದ್ರೆ ಅವತ್ತಿನ ರೊಟ್ಟಿ?” ಎಂದಳು ಮರೈಕೆ.

“ನನ್ನ ಬಾಯಿಂದ ತೆಗೆದಿದ್ದು.”

ಯಾರೋ ಒಬ್ಬರು ಕೆಮ್ಮಿದರು. ಮರೈಕೆ ಒಂದು ಗಳಿಗೆ ನೋಡಿದಳು, ಆಮೇಲೆ ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ, ಹಗುರಾದ ನಗು. “ಮುಟ್ಟು, ಅಷ್ಟೇನಾ? ಅಯ್ಯೋ ಮಿಮೂಂತ್, ನೀನು ಎದ್ದು ನಿಂತಿದ್ದು ನೋಡಿ ಇನ್ನೇನೋ ಅಂದ್ಕೊಂಡೆ. ಒಂದು ಮಾತು ಹೇಳ್ಬಾರ್ದಾ?”

ನಮ್ಮವಳು ಚರ್ಮ ಸುಲಿದುಕೊಂಡು ಮುಂದಿಟ್ಟದ್ದು ಅವರಿಗೆ ‘ಅಷ್ಟೇನಾ’ ಆಯಿತು. ನನಗೆ ಮರೈಕೆಯ ಮೇಲೂ ಸಿಟ್ಟು ಬಂತು, ಅವಳದು ತಪ್ಪಿಲ್ಲವೆಂದು ಗೊತ್ತಿದ್ದೂ.

ಆಮೇಲೆ ಮರೈಕೆ ಲುಬ್ನಾಳ ಕಡೆ ತಿರುಗಿದಳು. ನಗು ಹೋಗಿತ್ತು. “ನೀನಾದ್ರೂ ಯಾಕೆ ಹೇಳ್ಲಿಲ್ಲ?”

“ನೀವು ನನ್ನ ಕೇಳ್ಲೇ ಇಲ್ಲ,” ಎಂದಳು ಲುಬ್ನಾ. “ಅವರನ್ನ ಕೇಳಿದ್ರಿ.”

 ಮರೈಕೆಯ ಕತ್ತೂ ಕೆಂಪಾಯಿತು. ಅಂದೇ ಲುಬ್ನಾಳ ಕೆಲಸ ಕಾಯಂ ಆಯಿತು, ಸೋಮವಾರದಿಂದ ಕಿಟಕಿಯ ಪಕ್ಕದ ಮೇಜು ಅವಳಿಗೆ ಎಂದಾಯಿತು. ಲುಬ್ನಾ ಬೇಡವೆಂದಳು, ಮರೈಕೆ ಕೇಳಲಿಲ್ಲ. ಒಳ್ಳೆಯವರು ಒಳ್ಳೆಯದು ಮಾಡಲು ಹೊರಟರೆ ತಡೆಯುವುದು ಕಷ್ಟ. ಹೊರಗೆ ಬರುವಾಗ ಲುಬ್ನಾ ಮಿಮೂಂತ್‌ಳ ಪಕ್ಕದಲ್ಲೇ ಹಾದು ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ, ಬೈಯಲೂ ಇಲ್ಲ.

ತಪ್ಪೊಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆಂದು ಮಸೀದಿಯಲ್ಲಿ ಹೇಳುತ್ತಾರೆ. ಮಿಮೂಂತ್‌ಗೆ ಹಾಗೇನೂ ಆಗಲಿಲ್ಲ. ಯಾರೂ ಅವಳ ಮೇಲೆ ಮುನಿಸಿಕೊಂಡಿರಲಿಲ್ಲ, ಎಲ್ಲರೂ ಮೊದಲಿಗಿಂತ ಮೃದುವಾಗಿ ಮಾತಾಡುತ್ತಿದ್ದರು. ಆದರೆ ಯಾರೂ ಲಾಂಡ್ರಿಗೆ ಇಳಿದು ಬಂದು ಅವಳನ್ನು ಏನೂ ಕೇಳುತ್ತಿರಲಿಲ್ಲ.

ಮುಂದಿನ ವಾರ ಒಂದು ದಿನ ನಾನು ಅಡುಗೆಮನೆಯ ಬಟ್ಟೆಗಳ ಬುಟ್ಟಿ ಹೊತ್ತು ಕೆಳಗಿಳಿದಾಗ ಲುಬ್ನಾ ಮೇಜಿನ ಬಳಿ ಟವೆಲು ಮಡಿಸುತ್ತಿದ್ದಳು. ಗೆರಿಟ್ ಒಂದು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತಿದ್ದ, ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡು. ಯಾವುದೋ ಊರಿನಲ್ಲಿ ಯಾರೋ ಒಬ್ಬ ತನ್ನ ತಂಗಿಯನ್ನು ಶಾಲೆ ಬಿಡಿಸಿದ್ದ ಸುದ್ದಿ. “ಇದು ನಿಮ್ಮಲ್ಲಿ ಎಲ್ಲಾದ್ರೂ ಬರೆದಿದ್ಯಾ? ನಿಜ ಹೇಳು.”

ಲುಬ್ನಾಳ ಕೈ ನಿಂತಿತು. ಮಿಮೂಂತ್ ಯಂತ್ರದ ಮುಂದೆ ಬಗ್ಗಿದ್ದವಳು ಬೆನ್ನು ನೇರ ಮಾಡಿದಳು.

“ಗೆರಿಟ್, ಇಲ್ಲಿ ಬಾ,” ಎಂದು ಕೂಗಿದಳು. “ಅವಳಿಗೆ ಕೆಲಸ ಇದೆ. ನನ್ನ ಕೇಳು, ನಾನು ಹೇಳ್ತೀನಿ.”

ಗೆರಿಟ್ ತಿರುಗಿ ನೋಡಿ ಪ್ರೀತಿಯಿಂದಲೇ ನಕ್ಕ.

“ಬೇಡ ಬಿಡು ಮಿಮೂಂತ್. ಈ ಸಲ ಸರಿಯಾಗಿ ಗೊತ್ತಿರೋರನ್ನೇ ಕೇಳ್ತೀನಿ.”

ಲುಬ್ನಾ ಮಿಮೂಂತ್‌ಳನ್ನು ಒಮ್ಮೆ ನೋಡಿದಳು. ಆಮೇಲೆ ಟವೆಲು ಕೆಳಗಿಟ್ಟು, ಪಾಠ ಒಪ್ಪಿಸುವ ಮಗುವಿನ ಧ್ವನಿಯಲ್ಲಿ, ಇಲ್ಲ ಗೆರಿಟ್, ಹಾಗೆಲ್ಲೂ ಬರೆದಿಲ್ಲ ಎಂದು ಶುರುಮಾಡಿದಳು. ಮಿಮೂಂತ್ ತಲೆಯನ್ನು ಯಂತ್ರದೊಳಗೆ ತೂರಿಸಿ ಎರಡೂ ಕೈಯಿಂದ ತಡಕಾಡುತ್ತಲೇ ಇದ್ದಳು. ನಾನು ಬುಟ್ಟಿ ಇಡಲು ಹತ್ತಿರ ಹೋದೆ. ಯಂತ್ರದೊಳಗೆ ಒಂದು ಚಾದರವೂ ಉಳಿದಿರಲಿಲ್ಲ.